ಅಪ್ಪನ ಮೂಗು, ಅಮ್ಮನ ಮುಖ

ಫ್ಲೋರೆಸ್ ದ್ವೀಪ, ಅಸೋರೆಸ್
೧೪ ಮೇ ೧೯೯೮

ಪ್ರೀತಿಯ ತಮ್ಮ ಜಿಲ್ಬೆರ್ತು,

ಹೇಗಿದ್ದೀಯ ಮಾರಾಯ? ಟೊರಾಂಟೊದ ಚಳಿ ನಿನ್ನನ್ನು ಬಿಟ್ಟಿತೋ, ಇಲ್ಲ ನೀನೇ ಅದನ್ನು ಸಾಕಿಕೊಂಡಿದ್ದೀಯೋ? ಹೊತ್ತಿಗೆ ಸರಿಯಾಗಿ ಉಣ್ಣು. ಸೆಪ್ಟೆಂಬರಿನ ನಿಮ್ಮ ಮದುವೆ ಮುಗಿದ ಮೇಲೆ ಈ ಅತ್ತಿಗೆಯ ಕಾಟ ಗ್ಯಾರಂಟಿ ಎಂದು ನಿನ್ನ ಇಲ್ದಾಳಿಗೆ ಈಗಲೇ ಹೇಳಿಡು.

ನಮ್ಮ ವಂಶದ ಆ ರೋಗ ಅಪ್ಪನನ್ನು ಪೂರ್ತಿ ಹಾಸಿಗೆ ಹಿಡಿಸಿದೆ. ಮುದ್ದೆಯಂತೆ ಗಟ್ಟಿ ಮಾಡಿದ ಸಾರೂ ಗಂಟಲಲ್ಲಿ ಇಳಿಯದೆ ಕೆಮ್ಮು ಬರುತ್ತದೆ. ತಲೆ ಮಾತ್ರ ಚುರುಕು. ಮೊನ್ನೆ ಪಾದ್ರಿಗಳು ಬಂದು ಕ್ಷೇಮ ವಿಚಾರಿಸಿದರೆ, ಒಂದೊಂದೇ ಅಕ್ಷರ ಹೊರಗೆಳೆದು, "ಎಲ್ಲೂ ಓಡಿಹೋಗಿಲ್ಲ ಸ್ವಾಮಿ" ಎಂದ. ನಾವು ನಕ್ಕೆವು. ಅಮ್ಮ ಒಲೆಯ ಕಡೆ ತಿರುಗಿಕೊಂಡಳು.

"ಅಮ್ಮನ ಮುಖ ನಂದು, ನನಗ್ಯಾಕಕ್ಕ ರಕ್ತಪರೀಕ್ಷೆ?" ಎಂದು ಬರೆದಿದ್ದೀಯ. ಅಪ್ಪನ ಹೋಲಿಕೆ ಬಂದ ಮಗುವಿಗೇ ಅಪ್ಪನ ರೋಗ ಎಂದು ನಂಬುವ ನಮ್ಮ ದ್ವೀಪದವನೇ ಕಣೋ ನೀನು! ದೀಕ್ಷಾಸ್ನಾನದ ದಿನ ಜೆರ್ತ್ರುದೆಸ್ ಅತ್ತೆ ನಿನ್ನನ್ನು ಕಿಟಕಿಯ ಬೆಳಕಿಗೆ ಹಿಡಿದು, "ಇದು ತಾಯಿ ಕೂಸು, ಬದುಕ್ಕೊಂಡ್ತು" ಎಂದಳಂತೆ. ನನ್ನನ್ನು ಹಿಡಿದಾಗ, "ಅಯ್ಯೋ, ಮೂಗು ನೋಡ್ರೇ! ಅಪ್ಪಂದೇ!" ಅಲ್ಲಿಗೆ ತೀರ್ಪಾಯಿತು. ಅಮ್ಮ ನನ್ನ ಕೈಗೆ ಪಿಂಗಾಣಿ ತಟ್ಟೆ ಕೊಟ್ಟವಳಲ್ಲ, ಎಂದೋ ಒಂದು ದಿನ ನನ್ನ ಕೈ ನಡುಗಲಿದೆಯಲ್ಲವೆ! ಅಗುಸ್ತಿನ್ಯುವಿನ ತಾಯಿ ಸಂಬಂಧ ಕೇಳಲು ಬಂದವಳು, "ಹುಡುಗಿ ಚಿನ್ನ ಕಣಮ್ಮಾ, ಆದ್ರೆ ಆ ಮೂಗು..." ಎಂದು ಚಹಾ ಅರ್ಧಕ್ಕೇ ಬಿಟ್ಟು ಎದ್ದಳು. ಶಾಲೆಯ ಮಕ್ಕಳ ಮೂಗು ಒರೆಸುತ್ತ ಮೂವತ್ತೆಂಟಾಯಿತು ನನಗೆ.

ಚಳಿಗಾಲದಲ್ಲಿ ತೆರ್ಸೇಯ್ರಾ ದ್ವೀಪದಿಂದ ಬಂದ ಡಾಕ್ಟರಮ್ಮನಿಗೆ ರಕ್ತ ಕೊಟ್ಟೆ. ಮಂಗಳವಾರ ಕರೆದು ಹೇಳಿದರು: ನನಗೆ ಆ ರೋಗವಿಲ್ಲ, ಬರುವುದೂ ಇಲ್ಲ. "ಮತ್ತೆ ಈ ಮೂಗು?" ಎಂದೆ. "ಟೀಚರೇ, ಮೂಗಿಗೂ ಇದಕ್ಕೂ ಏನೂ ಸಂಬಂಧ ಇಲ್ಲ. ಒಂದೊಂದು ಮಗುವಿಗೂ ಬೇರೆಬೇರೆ ನಾಣ್ಯ ಚಿಮ್ಮಿದ ಹಾಗೆ" ಎಂದರು.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಕುಣಿಯುತ್ತಾಳೆ ಅಂದುಕೊಂಡಿದ್ದೆ. ಅವಳು ಗೋಡೆಯ ಮೇಲಿನ ನಿನ್ನ ಫೋಟೋ ನೋಡಿ ಶಿಲುಬೆಯ ಗುರುತು ಹಾಕಿಕೊಂಡು, "ಹಾಗಾದ್ರೆ ಅದು ಯಾರ್ ಪಾಲಿಗೆ ಹೋಯ್ತೇ?" ಎಂದಳು. ಇದು ಪಾಲು ಹಂಚುವ ಆಸ್ತಿಯಲ್ಲ, ನಾನು ತಪ್ಪಿಸಿಕೊಂಡಿದ್ದು ನಿನ್ನ ತಲೆಗೆ ಕಟ್ಟಲಿಕ್ಕಲ್ಲ ಎಂದು ಎಷ್ಟು ಹೇಳಿದರೂ ಅವಳಿಗೆ ನಾಟುತ್ತಿಲ್ಲ. ಅಂದಿನಿಂದ ನನ್ನ ಜೊತೆ ಮಾತು ಕಡಿಮೆ ಮಾಡಿದ್ದಾಳೆ. ನೀನಾದರೂ ಅಮ್ಮನ ಮುಖವನ್ನು ನಂಬಿ ಕೂರಬೇಡ. ಮದುವೆಗೆ ಮೊದಲು ಪರೀಕ್ಷೆ ಮಾಡಿಸು.

ದೇವಮಾತೆ ನಿಮ್ಮಿಬ್ಬರನ್ನೂ ಕಾಯಲಿ. ಅಪ್ಪ ಕಣ್ಣಲ್ಲೇ ಹರಸಿದ್ದಾನೆ.

ನಿನ್ನ ಅಕ್ಕ,
ದೆಯೊಲಿಂದಾ

ಕೊನೆಯ ಮಾತು: ಟಪಾಲಿನವನು ಬಾಗಿಲಲ್ಲಿ ಕಾಯುತ್ತಿದ್ದಾನೆ. ನಿಮ್ಮ ನಿಶ್ಚಿತಾರ್ಥದ ಫೋಟೋ ಈಗಷ್ಟೇ ಅವನೇ ತಂದುಕೊಟ್ಟ. ಅಪ್ಪನಿಗೆ ತೋರಿಸಿದೆ. ಅವನು ಇಲ್ದಾಳನ್ನು ನೋಡಲಿಲ್ಲ, ನಿನ್ನ ಮುಖವನ್ನೂ ನೋಡಲಿಲ್ಲ. ನಿನ್ನ ಕಾಲುಗಳ ಮೇಲೆ ಬೆರಳಿಟ್ಟು ಅಳತೊಡಗಿದ. ದೋಣಿಯಲ್ಲಿ ನಿಂತವನ ಹಾಗೆ ಯಾಕೋ ಅಷ್ಟು ಅಗಲ ಕಾಲು ಹಾಕಿ ನಿಂತಿದ್ದೀಯ? ಅಪ್ಪನಿಗೆ ಶುರುವಾದದ್ದು ಹಾಗೆಯೇ. ಇಲ್ದಾಳಿಗೆ ಇವತ್ತೇ ಹೇಳು.