ಅಕ್ಕ ಕಡಿಮೆಯಾಗುತ್ತಿದ್ದಾಳೆ

ಮಾರ್ಚ್ ಹನ್ನೊಂದು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕ,

ನಿನಗೂ ನಿನ್ನ ಬೆನ್ನುನೋವಿಗೂ ನಮಸ್ಕಾರ. ಇಲ್ಲಿ ನಾವು ಮೂವರೂ ಗಟ್ಟಿಯಾಗಿದ್ದೇವೆ. ಅಮ್ಮನ ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಬರೆಯುತ್ತೇನೆ, ಬರೆಯುತ್ತೇನೆ ಎಂದು ಚಳಿಗಾಲವಿಡೀ ಸತಾಯಿಸಿದೆ, ಬೈದುಕೋ. ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನಬೇಡ. ಫೋನಿನ ಮೇಲೆ ನನಗೆಷ್ಟು ನಂಬಿಕೆ ಎನ್ನುವುದು ನಿನಗೆ ಗೊತ್ತು. ಅದಕ್ಕೇ ತಾನೇ ಭಾವ ನನಗೆ 'ಕರಪತ್ರ' ಎಂದು ಹೆಸರಿಟ್ಟಿದ್ದು. ಈ ಕಾಗದ ಅಂಚೆಗೂ ಹೋಗುವುದಿಲ್ಲ. ಬುಧವಾರ ಅಮ್ಮ ನಿಮ್ಮಲ್ಲಿಗೆ ಬರುತ್ತಾಳಲ್ಲ, ಅವಳ ಕೈಯಿಂದ ನೇರ ನಿನ್ನ ಕೈಗೆ. ಒಬ್ಬಳೇ ಇರುವಾಗ ಓದು.

ಅಪ್ಪನ ಸಂಜೆ ಹೇಗಿರುತ್ತದೆಂದು ನಿನಗೆ ಹೇಳಬೇಕಿಲ್ಲ. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಗಾಜು ಉಜ್ಜಿ ಬಂದು, ಮುಖ ತೊಳೆದು ಟಿವಿ ಮುಂದೆ ಕೂತರೆ ಅವನಿಗೆ ಸುದ್ದಿ ಬೇಡ, ಸಿನಿಮಾ ಬೇಡ, ನಮ್ಮ ಮನೆಯ ಫೋಟೋಗಳೇ ಬೇಕು. ನಿನ್ನ ಮದುವೆಯಾದ ವರ್ಷ ಭಾವ 'ಎರಡು ಮನೆ ಒಂದಾಯ್ತು, ಫೋಟೋನೂ ಒಂದ್ಕಡೆ ಇರ್ಲಿ' ಎಂದು ನಮ್ಮದನ್ನೆಲ್ಲ ತಮ್ಮ ಖಾತೆಯಲ್ಲಿ ಫೋನ್ ಕಂಪನಿಯ ಆನ್‌ಲೈನ್ ಗೋದಾಮಿಗೆ ಏರಿಸಿದರಲ್ಲ, ಅಲ್ಲಿಂದಲೇ ಅವು ನಮ್ಮ ಟಿವಿಗೆ ಇಳಿಯುತ್ತವೆ. ನಮ್ಮ ಹಳೆಯ ಕಂಪ್ಯೂಟರ್ ಕೆಟ್ಟ ಮೇಲೆ ಬೇರೆ ಪ್ರತಿ ಎಲ್ಲೂ ಇಲ್ಲ. ಫೆಬ್ರವರಿಯ ಒಂದು ಸಂಜೆ ಅಪ್ಪ ರಿಮೋಟ್ ಕೆಳಗಿಟ್ಟು ಹೇಳಿದ: "ದೊಡ್ಡವಳು ಕಮ್ಮಿ ಆಗ್ತಿದಾಳೆ."

ನೀನು ಸೊರಗಿದ್ದೀಯ ಎನ್ನುತ್ತಿದ್ದಾನೆಂದು ಅಮ್ಮ ಗಾಬರಿಯಾದಳು. ಅಪ್ಪ ಹೇಳಿದ್ದು ಅದಲ್ಲ. ನಿನ್ನ ಕಾಲೇಜಿನ ನಾಟಕದ ಫೋಟೋಗಳು ಇರಲಿಲ್ಲ. ಬೆಟ್ಟ ಹತ್ತಿದಾಗ ಬಂಡೆಯ ಮೇಲೆ ನೀವೆಲ್ಲ ಸಾಲಾಗಿ ಕೂತದ್ದು ಇರಲಿಲ್ಲ. ಅದೇ ಬೆಟ್ಟದ ಮರ, ಬುತ್ತಿ, ಯಾರದೋ ಚಪ್ಪಲಿ ಎಲ್ಲ ಇದ್ದವು. ನೀನು ಮಾತ್ರ ಇರಲಿಲ್ಲ. ಜೋಳಿಗೆ ತೂತಾಗಿದ್ದರೆ ಕಾಳೆಲ್ಲ ಉದುರಬೇಕು. ಒಂದೇ ಜಾತಿಯ ಕಾಳು ಉದುರಿದರೆ ಅದು ತೂತಲ್ಲ, ಕೈ.

ನನ್ನ ಅನುಮಾನ ಮೊದಲು ಹೋದದ್ದು ಕಂಪನಿಯ ಮೇಲೆ. ನಮ್ಮ ಪ್ರಿಂಟಿಂಗ್ ಅಂಗಡಿಯಲ್ಲಿ ಕರಪತ್ರ ಮಡಿಸುವುದು ನನ್ನ ಕೆಲಸ, ಮಡಿಸುತ್ತಾ ಓದುವುದು ನನ್ನ ವಿದ್ಯಾಭ್ಯಾಸ. 'ಪರರ ಯಂತ್ರದಲ್ಲಿಟ್ಟ ನೆನಪು ಪರರ ಪಾಲು' ಎಂಬ ಒಂದನ್ನು ನಾನು ಮನೆಗೂ ತಂದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದ್ದೆ. ಅಮ್ಮ ಅದರ ಮೇಲೆ ಕೈ ಒರೆಸಿ ಒರೆಸಿ ಮಿಕ್ಕದ್ದೆಲ್ಲ ಅಳಿಸಿಹೋಗಿ, ಈಗ ಬರೀ 'ಪಾಲು' ಉಳಿದಿದೆ. ಅಂದೇ ತೀರ್ಮಾನಿಸಿದೆ: ನಮ್ಮ ಫೋಟೋ, ವಿಡಿಯೋ ಎಲ್ಲ ನಮ್ಮ ಮನೆಯದೇ ಒಂದು ಯಂತ್ರದಲ್ಲಿ ಇರಬೇಕು. ಅದು ಸದಾ ಓಡುತ್ತಿರಬೇಕು, ಟಿವಿಗೆ ಅದೇ ಬಡಿಸಬೇಕು, ಅದರ ಕೀಲಿ ನಮ್ಮ ಹತ್ತಿರ ಇರಬೇಕು.

ಹೀಗೆ ನಾನು ಕಂಪ್ಯೂಟರ್ ಅಂಗಡಿಯವನ ಕೈಗೆ ಬಿದ್ದೆ. ಮಾತಿಗೊಂದು 'ಗ್ಯಾರಂಟಿ' ಎನ್ನುವುದರಿಂದ ಬೀದಿಯವರೆಲ್ಲ ಅವನನ್ನು ಗ್ಯಾರಂಟಿ ಎಂದೇ ಕರೆಯುತ್ತಾರೆ. ಹೊಸ ಡಿಸ್ಕ್ ಎಂದು ಒಂದನ್ನು ಮುಂದಿಟ್ಟ. ಡಿಸ್ಕು ತಾನು ಎಷ್ಟು ಗಂಟೆ ಓಡಿದ್ದೇನೆಂದು ತನ್ನೊಳಗೇ ಎಣಿಸಿಕೊಂಡಿರುತ್ತದೆ, ಅದನ್ನು ತೋರಿಸು ಎಂದೆ. ಜೋಡಿಸಿ ನೋಡಿದರೆ ಅದು ಯಾವುದೋ ಕಚೇರಿಯಲ್ಲಿ ವರ್ಷಗಟ್ಟಲೆ ದುಡಿದು ನಿವೃತ್ತಿಯಾದದ್ದು. ಅವನೇನೂ ನಾಚಲಿಲ್ಲ. "ಅನುಭವ ಇರೋ ಡಿಸ್ಕ್ ತಂಗಿ, ಗ್ಯಾರಂಟಿ" ಎಂದ. ಆಮೇಲೆ ಅವನು ತೋರಿಸಿದ್ದನ್ನೆಲ್ಲ ಮೂಸಿ ನೋಡಿದೆ. ಮೇಜಿನ ಕಂಪ್ಯೂಟರಿನ ಡಿಸ್ಕು ಹಗಲೂ ರಾತ್ರಿ ಓಡಲು ಹುಟ್ಟಿದ್ದಲ್ಲ. ಒಂದೇ ಪೆಟ್ಟಿಗೆಯಿಂದ ಬಂದ ಎರಡು ಡಿಸ್ಕು ಒಂದೇ ವಾರ ಸಾಯಬಹುದು. ತೀರ ಬಡಕಲು ಪ್ರೊಸೆಸರಾದರೆ ನಮ್ಮ ಹಳೆಯ ಟಿವಿಗೆ ತಕ್ಕಂತೆ ವಿಡಿಯೋ ಹದಮಾಡಿ ಕೊಡಲಾರದೆ ತೊದಲುತ್ತದೆ. ತೀರ ಬಲವಾದದ್ದಾದರೆ ನಡುಮನೆಯಲ್ಲಿ ವಿಮಾನ ಇಳಿದಂತೆ ಸದ್ದು.

ನನಗೆ ಹೆಚ್ಚು ಧೈರ್ಯ ಕೊಟ್ಟದ್ದು ಕನ್ನಡಿ ಎಂಬ ಏರ್ಪಾಡು. ಎರಡು ಡಿಸ್ಕ್ ಹಾಕಿದರೆ ಒಂದಕ್ಕೆ ಬರೆದದ್ದು ತಾನಾಗಿ ಇನ್ನೊಂದಕ್ಕೂ ಬರೆಯುತ್ತದೆ. ಒಂದು ಸತ್ತರೆ ಇನ್ನೊಂದು ಇರುತ್ತದೆ. 'ಕನ್ನಡಿ ಇದ್ದವರಿಗೆ ನಷ್ಟವಿಲ್ಲ' ಎಂದು ಕರಪತ್ರದಲ್ಲಿ ಇತ್ತು. ಇನ್ನು ನಮ್ಮ ಅಕ್ಕನನ್ನು ಯಾರೂ ಮುಟ್ಟಲಾರರು ಎಂದು ಊಟದ ಹೊತ್ತಿನಲ್ಲಿ ಭಾಷಣ ಮಾಡಿದೆ. ಅಮ್ಮ ಕೇಳಿ ಕೇಳಿ, "ಅಲ್ಲವೇ, ನಾನು ಕನ್ನಡಿ ಮುಂದೆ ನಿಂತು ಹಲ್ಲು ಕಿತ್ಕೊಂಡ್ರೆ, ಒಳಗಿರೋಳ ಹಲ್ಲು ಉಳ್ಕೊಳತ್ತಾ?" ಎಂದಳು. ಅಪ್ಪ ತುತ್ತು ಕೆಳಗಿಟ್ಟು ನಕ್ಕ. ನನಗೆ ನಗು ಬರಲಿಲ್ಲ. ಕನ್ನಡಿ ಡಿಸ್ಕಿನ ಸಾವಿಗೆ ಮದ್ದು, ಅಳಿಸುವ ಕೈಗೆ ಅಲ್ಲ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಹಾಗಾದರೆ ಆ ಕೈ ಯಾರದೆಂದು ತಿಳಿಯದೆ ಯಂತ್ರ ಆರಿಸಿ ಪ್ರಯೋಜನವಿಲ್ಲ.

ಯೋಚಿಸಿದೆ. ನಮ್ಮ ಮನೆಗೆ ಬರೀ ನೋಡುವ, ಇಳಿಸಿಕೊಳ್ಳುವ ಹಕ್ಕು. ಅಳಿಸುವ ಹಕ್ಕು ಇರುವುದು ನಿಮ್ಮ ಮನೆಯ ಎರಡು ಫೋನಿಗೆ. ನಿನ್ನ ಫೋಟೋವನ್ನು ನೀನೇ ಯಾಕೆ ಅಳಿಸುತ್ತೀಯ? ಉಳಿದದ್ದು ಭಾವ. ಅಂದಿನಿಂದ ಅವರ 'ಏನಮ್ಮ ಕರಪತ್ರ, ಕ್ರಾಂತಿ ಎಲ್ಲಿಗೆ ಬಂತು' ಎಂಬ ತಮಾಷೆಯೂ ನನ್ನ ಕಿವಿಗೆ ಬೇರೆ ಥರ ಕೇಳತೊಡಗಿತು.

ಆದರೆ ಹೋದ ಭಾನುವಾರ ಅವರೇ ನಮ್ಮ ಮನೆಗೆ ಬಂದರು. ಕೈಯಲ್ಲಿ ಹೊಳೆಯುವ ಕಾಗದ, ಅದರಲ್ಲಿ ಡಿಸ್ಕು, ಪ್ರೊಸೆಸರು ಎಲ್ಲ ಒಳಗೇ ಇರುವ ಒಂದು ಸಿದ್ಧ ಡಬ್ಬದ ಚಿತ್ರ. ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್, ಬಿಡಿ ಡಿಸ್ಕ್ ಎಂದು ಯಾಕೆ ಒದ್ದಾಡುತ್ತೀಯ, ಇದನ್ನು ನಾನೇ ಕೊಡಿಸುತ್ತೇನೆ ಎಂದರು. ನಾನು ಅದರ ಗುಣವೇನೆಂದು ಕೇಳಿದೆ. ಭಾವ ಮೊದಲು ಹೇಳಿದ್ದು ಡಿಸ್ಕಿನ ಮಾತಲ್ಲ, ಸದ್ದಿನ ಮಾತಲ್ಲ. "ಯಾರು ಯಾವ ಫೋಟೋ ತೆರೆದ್ರು, ಎಷ್ಟು ಹೊತ್ತು ನೋಡಿದ್ರು, ಯಾವುದು ಅಳಿಸಿದ್ರು, ಎಲ್ಲಾ ನನ್ನ ಫೋನಿಗೆ ಬರುತ್ತೆ" ಎಂದರು.

ನಿಜ ಹೇಳುತ್ತೇನೆ, ನನಗೆ ಆ ಡಬ್ಬ ಬಹಳ ಹಿಡಿಸಿತು. ಕಳ್ಳ ಸಿಕ್ಕೇಬಿಟ್ಟ ಎನಿಸಿತು. ಜೊತೆಗೆ ತಲೆ ಕೆಟ್ಟಿತು: ಕಳ್ಳನೇ ಬಂದು ಕಾವಲುಗಾರನನ್ನು ಕೊಡಿಸುತ್ತಾನೆಯೇ? ಹಾಗಾದರೆ ಭಾವ ಅಲ್ಲ. ಮನಸ್ಸಿನಲ್ಲೇ ಅವರ ಕ್ಷಮೆ ಕೇಳಿ, ಸೋಮವಾರ ನಿನಗೆ ಫೋನ್ ಮಾಡಿದೆ. ಅಳಿಸಿದ ಫೋಟೋಗಳು ತಕ್ಷಣ ಸಾಯುವುದಿಲ್ಲ, ಸ್ವಲ್ಪ ದಿನ ಕಂಪನಿಯ ಕಸದ ಬುಟ್ಟಿಯಲ್ಲಿ ಬಿದ್ದಿರುತ್ತವೆ, ನಿನ್ನ ಫೋನಿನಿಂದ ಎತ್ತಬಹುದು ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಆ ಕಡೆ ನೀರು ಬೀಳುವ ಸದ್ದು ನಿಂತಿತು. ನೀನು ನಲ್ಲಿ ನಿಲ್ಲಿಸಿದೆ ಅಂತ ಕಾಣುತ್ತದೆ. ಆಮೇಲೆ ನೀನು ಅಂದೆ:

"ಬೇಡ ಬಿಡೇ. ಅವೆಲ್ಲ ಅನಗತ್ಯ."

ಅಕ್ಕ, ನಮ್ಮ ಮನೆಯಲ್ಲಿ ಆ ಮಾತು ಯಾರು ಆಡುತ್ತಾರೆ? ನಾವು ಬೇಡದ್ದು ಎನ್ನುತ್ತೇವೆ, ದಂಡ ಎನ್ನುತ್ತೇವೆ, ಅಮ್ಮ ಹಾಳುಮೂಳು ಎನ್ನುತ್ತಾಳೆ. ಅನಗತ್ಯ ಎನ್ನುವುದು ಭಾವ. ಉಗ್ರಾಣದ ಮೇಲ್ವಿಚಾರಕರು, ದಿನವಿಡೀ ಸರಕಿನ ಮೇಲೆ ಆ ಚೀಟಿ ಅಂಟಿಸಿ ಬರುತ್ತಾರೆ; ಮನೆಗೆ ಬಂದ ಮೇಲೂ ಕೈ ನಿಲ್ಲುವುದಿಲ್ಲ. ನೀನು ಮದುವೆಯಾದ ಹೊಸತರಲ್ಲಿ ಇಲ್ಲಿಗೆ ಬಂದಾಗ ಅವರ ಥರವೇ ಗಂಟಲು ಸರಿಮಾಡಿಕೊಂಡು 'ಎರಡನೇ ಲೋಟ ಟೀ ಅನಗತ್ಯ' ಎಂದು ಅಣಕಿಸುತ್ತಿದ್ದೆ, ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಸೋಮವಾರ ನೀನು ಅಣಕಿಸಲಿಲ್ಲ. ಆ ಮಾತು ನಿನ್ನ ಬಾಯಲ್ಲಿ ನಿನ್ನದೇ ಆಗಿ ಬಂತು.

ಫೋನಿಟ್ಟು ಅಮ್ಮನ ಹತ್ತಿರ ಹೋದೆ. ಅವಳು ತರಕಾರಿ ಹೆಚ್ಚುತ್ತಿದ್ದಳು. ಅಕ್ಕನ ಮನೆಯಲ್ಲಿ ಏನು ನೋಡಿದೆ ಹೇಳು ಎಂದು ಪಟ್ಟುಹಿಡಿದ ಮೇಲೆ ಬಾಯಿಬಿಟ್ಟಳು. ಹೋದ ಸಲ ಅವಳು ನಿಮ್ಮಲ್ಲಿಗೆ ಬಂದಿದ್ದಾಗ ಭಾವ ಊಟದ ಮೇಜಿನಲ್ಲಿ ಫೋನ್ ಹಿಡಿದು ಒಂದೊಂದೇ ಫೋಟೋ ಸರಿಸುತ್ತಿದ್ದರಂತೆ. ನಿನ್ನನ್ನು ಮೆತ್ತಗೆ ಕರೆದರಂತೆ. ಇವನು ಯಾರು, ಇಷ್ಟು ಹತ್ತಿರ ಯಾಕೆ ನಿಂತಿದ್ದಾನೆ, ಇದನ್ನು ಇಟ್ಟುಕೊಳ್ಳುವುದು ಅಗತ್ಯವೇ ಎಂದರಂತೆ. ನೀನು ಒದ್ದೆ ಕೈ ಒರೆಸಿಕೊಂಡು, ನಾಟಕದವನು ಎಂದು ಹೇಳಿ, ನಿನ್ನ ಫೋನ್ ತೆಗೆದು ಅಲ್ಲೇ ಅಳಿಸಿ, ಮತ್ತೆ ಪಾತ್ರೆಯ ಹತ್ತಿರ ಹೋದೆಯಂತೆ.

"ಅಳಿಸು ಅಂತ ಅವನು ಹೇಳ್ಲಿಲ್ಲ ಕಣೇ" ಎಂದಳು ಅಮ್ಮ. "ಕೈ ಎತ್ತಿದ್ರೆ ನಾನು ಸುಮ್ನೆ ಬಿಡ್ತಿದ್ನಾ? ಬರೀ ಕೇಳ್ತಾನೆ."

ನಾನು ಕೈಯಲ್ಲಿ ಆ ಹೊಳೆಯುವ ಕಾಗದ ಹಿಡಿದುಕೊಂಡೇ ನಿಂತಿದ್ದೆ. ಯಾರು, ಯಾವುದನ್ನು, ಎಷ್ಟು ಹೊತ್ತು ನೋಡಿದರು. ಕಳ್ಳನನ್ನು ಹಿಡಿಯಲು ನಾನು ಆಸೆಪಟ್ಟ ಕಾವಲು ನಿನ್ನ ಮೇಲಿನ ಕಾವಲಾಗಿತ್ತು. ಕಂಪನಿಯನ್ನು ಬೈಯಲು ನನ್ನ ಬಳಿ ಕಟ್ಟುಗಟ್ಟಲೆ ಕಾಗದವಿದೆ. ಊಟದ ಮೇಜಿನ ಮೇಲೆ ಮೆತ್ತಗೆ ಕೇಳುವವರ ಬಗ್ಗೆ ಒಂದೂ ಇಲ್ಲ.

ಮಾರನೆಯ ದಿನ ಭಾವನಿಗೆ ಫೋನ್ ಮಾಡಿ ಡಬ್ಬ ಬೇಡ, ಸೆಕೆಂಡ್‌ಹ್ಯಾಂಡ್ ಕಂಪ್ಯೂಟರೇ ಸಾಕು ಎಂದೆ. ಅವರು, "ನಿನ್ನಿಷ್ಟಮ್ಮ. ಪಾಸ್‌ವರ್ಡ್ ಮಾತ್ರ ನಂಗೊಂದು ಕಳ್ಸಿರು" ಎಂದರು.

"ಅನಗತ್ಯ ಭಾವ" ಎಂದೆ.

ಅವರು ನಗಲಿಲ್ಲ. ಈ ವಾರ ಅವರು ನಿನ್ನ ಮೇಲೆ ಸಿಡುಕಿದ್ದರೆ ಅದು ನನ್ನ ಈ ಮಾತಿನಿಂದ. ಅದಕ್ಕಾಗಿ ನಿನ್ನ ಕ್ಷಮೆ ಕೇಳುತ್ತೇನೆ, ಅವರದಲ್ಲ.

ಯಂತ್ರ ಕೊನೆಗೂ ಶುಕ್ರವಾರ ಸಿದ್ಧವಾಯಿತು. ಗ್ಯಾರಂಟಿಯ ಅಂಗಡಿಯಲ್ಲೇ ಯಾವುದೋ ಕಚೇರಿ ಬಿಸಾಕಿದ ಒಂದು ಸಣ್ಣ ಕಂಪ್ಯೂಟರ್ ಸಿಕ್ಕಿತು. ಪ್ರೊಸೆಸರ್ ಅಪ್ಪನ ಟಿವಿಗೆ ಸಾಕು, ಫ್ಯಾನು ಬೆಕ್ಕು ಗುರುಗುಟ್ಟಿದಷ್ಟೇ ಸದ್ದು. ಎರಡು ಹೊಸ ಡಿಸ್ಕನ್ನು ಬೇರೆ ಬೇರೆ ಅಂಗಡಿಯಲ್ಲಿ, ಓಡಿದ ಗಂಟೆ ನೋಡಿಯೇ ಕೊಂಡು ಕನ್ನಡಿ ಹಾಕಿದ್ದೇನೆ. ಮೂರನೆಯದೊಂದು ಬಿಡಿ ಡಿಸ್ಕ್ ಇದೆ. ಅದು ಯಾರ ಕನ್ನಡಿಯೂ ಅಲ್ಲ. ವಾರಕ್ಕೊಮ್ಮೆ ಮಾತ್ರ ಜೋಡಿಸಿ ಪ್ರತಿ ಇಳಿಸಿಕೊಂಡು ಕಿತ್ತುಬಿಡುತ್ತೇನೆ, ಆಮೇಲೆ ಅದು ಅಪ್ಪನ ಅಂಗಡಿಯ ಖಾನೆಯಲ್ಲಿ ಗಾಜುಗಳ ಜೊತೆ ಮಲಗುತ್ತದೆ. ಇಲ್ಲಿ ಯಾರು ಏನು ಅಳಿಸಿದರೂ ಅದಕ್ಕೆ ಸುದ್ದಿ ಮುಟ್ಟುವುದಿಲ್ಲ. ಹೊರಗಿನಿಂದ ಯಂತ್ರಕ್ಕೆ ಬಾಗಿಲೇ ಇಟ್ಟಿಲ್ಲ. ಯಾರು ಏನು ನೋಡಿದರೆಂದು ಬರೆದಿಡುವ ಚಾಳಿ ಇದಕ್ಕೂ ಇತ್ತು. ಮೊದಲು ಅದನ್ನು ಬಿಡಿಸಿದೆ. ಇದನ್ನು ಚಪ್ಪಲಿ ಗೂಡಿನ ಮೇಲೆ ಇಟ್ಟಿದ್ದೇನೆ. ಅಮ್ಮ ಧೂಳೆಂದು ಬಟ್ಟೆ ಹೊದಿಸುತ್ತಾಳೆ, ನಾನು ಸೆಕೆಯೆಂದು ತೆಗೆಯುತ್ತೇನೆ. ಗೋದಾಮಿನಲ್ಲಿ ಉಳಿದದ್ದನ್ನು ಇವತ್ತು ಬೆಳಗ್ಗೆಯಿಂದ ಇಳಿಸಲು ಹಚ್ಚಿದ್ದೇನೆ.

ಈಗ ನಿನ್ನ ಪಾಲಿನ ಮಾತು. ಬುಟ್ಟಿಯಲ್ಲಿ ಇರುವವು ಈ ತಿಂಗಳು ಮುಗಿಯುವುದರೊಳಗೆ ಹೋಗಿಬಿಡುತ್ತವೆ. ಅಮ್ಮನ ಸೂಜಿದಾರದ ಡಬ್ಬಿಯಲ್ಲಿ ಒಂದು ಪೆನ್‌ಡ್ರೈವ್ ಇದೆ, ನಿನ್ನ ಫೋನಿಗೆ ಕೂರುವಂಥದ್ದು. ಬುಟ್ಟಿಯಿಂದ ಎತ್ತು, ಅದಕ್ಕೆ ಇಳಿಸು, ಮತ್ತೆ ಬುಟ್ಟಿಗೇ ಹಾಕು. ನೋಡುವವರಿಗೆ ಎಲ್ಲ ಮೊದಲಿನಂತೆಯೇ ಕಾಣುತ್ತದೆ. ಇಲ್ಲಿ ನಿನ್ನದೇ ಒಂದು ಖಾನೆ ಮಾಡಿ, ನಿನ್ನನ್ನು ಬಿಟ್ಟು ಯಾರೂ ತೆರೆಯದಂತೆ ಇಡುತ್ತೇನೆ, ನಾನೂ ತೆರೆಯುವುದಿಲ್ಲ. ಬೇಡ ಎಂದರೆ ಅದೂ ಸರಿ. ಅವು ನಿನ್ನವು, ನಿನಗೆ ತಿಳಿಯದಂತೆ ಎತ್ತಿಡುವ ದಾರಿ ಇದ್ದಿದ್ದರೂ ನಾನು ಎತ್ತುತ್ತಿರಲಿಲ್ಲ. ಆದರೆ ಬೇಡ ಎನ್ನುವುದಾದರೆ ನಿನ್ನ ಮಾತಿನಲ್ಲಿ ಅನ್ನು.

ಫೋಟೋಗಳ ಜೊತೆ ನೀನೂ ಬರುವುದಾದರೆ ಮಂಚದಲ್ಲಿ ಗೋಡೆಯ ಕಡೆ ಇನ್ನೂ ನಿನ್ನದೇ. ನಾನು ಈಗ ಕಾಲು ಮಡಚಿ ಮಲಗುವುದನ್ನು ಕಲಿತಿದ್ದೇನೆ.

ಅಪ್ಪ ಏನನ್ನೂ ಕೇಳಲಿಲ್ಲ. ನಿನ್ನ ತಲೆಯ ಮೇಲೆ ಕೈಯಿಟ್ಟು ಹರಸಿದೆ ಎಂದು ಬರಿ, ಕಣ್ಣು ಕಿರಿದು ಮಾಡಿಕೊಂಡು ಓದುತ್ತಿದ್ದರೆ ಕನ್ನಡಕದ ನಂಬರ್ ಬದಲಾಗಿದೆ, ಬಾ ಎಂದೂ ಬರಿ ಎಂದಿದ್ದಾನೆ. ಅಮ್ಮನ ಆಶೀರ್ವಾದ ಅಮ್ಮನ ಜೊತೆಗೇ ಬರುತ್ತದೆ. ನನಗೆ ಹರಸುವ ವಯಸ್ಸಿಲ್ಲ, ಆದರೂ ನಿನಗೆ ಒಳ್ಳೆಯದಾಗಲೇಬೇಕು.

ಇಂತಿ ನಿನ್ನ
ಕರಪತ್ರ

ತಾ.ಕ.: ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ನಿನ್ನೆ ಸಂಜೆ ಅಪ್ಪ ಒಂದು ಫೋಟೋ ನೋಡುತ್ತಿದ್ದ, ನೀರು ಕುಡಿದು ಬಂದು ಮತ್ತೆ ಹುಡುಕಿದರೆ ಅದಿರಲಿಲ್ಲ. ನೀನು ತಾರಸಿಯಲ್ಲಿ ಒದ್ದೆ ಕೂದಲು ಬಿಟ್ಟುಕೊಂಡು ಬಾಯಿತುಂಬ ನಗುತ್ತಿದ್ದೀಯಲ್ಲ, ಅದು. ನಾಟಕದವರದು ಹೋದದ್ದು ನನಗೆ ಅರ್ಥವಾಯಿತು. ಇದರಲ್ಲಿ ನಿನ್ನ ಹೊರತು ಯಾರೂ ಇಲ್ಲ. ಯಾರನ್ನು ನೋಡಿ ನಗುತ್ತಿದ್ದೀಯ ಎಂದು ಭಾವ ಕೇಳಿದರೇ? ಆ ಫೋಟೋ ತೆಗೆದವಳು ನಾನು. ತಂಗಿಯನ್ನು ನೋಡಿ ಎಂದು ನೀನು ಹೇಳಿಯೇ ಇರುತ್ತೀಯ. ಹೇಳಿದ ಮೇಲೂ ಅಳಿಸಬೇಕಾಯಿತಾ, ಅಕ್ಕ?