ಕೊನೆಯ ಬೆಂಚಿನಲ್ಲಿ ಕೂತ ತಪ್ಪಿಗೆ

ಮಾನ್ಯ ನಿರ್ದೇಶಕರೇ,

ಸಹೋದ್ಯೋಗಿಯ ತರಗತಿಯಲ್ಲಿ ಕೊನೆಯ ಬೆಂಚಿನ ಮೇಲೆ ಕೂತ ಅಪರಾಧಕ್ಕೆ ನೀವು ಕೊಟ್ಟ ನೋಟಿಸು ತಲುಪಿದೆ. ನನ್ನನ್ನು ಕೂರಗೊಟ್ಟ ತಪ್ಪಿಗೆ ಆಕೆಗೂ ಒಂದು ಬಂದಿದೆ. 'ಕರ್ತವ್ಯದ ವೇಳೆ ನಿಷ್ಕ್ರಿಯವಾಗಿ ಆಸೀನರಾಗಿದ್ದುದು ಕ್ಯಾಮೆರಾದಲ್ಲಿ ದಾಖಲಾಗಿದೆ' ಎಂಬ ನಿಮ್ಮ ಕಚೇರಿಯ ಕನ್ನಡಕ್ಕೆ ದೊಡ್ಡ ನಮಸ್ಕಾರ. ಅದೇ ಲಕೋಟೆಯಲ್ಲಿ 'ಬೋಧನೆಯಲ್ಲಿ ಹೊಸತನ' ಎಂಬ ಕಡ್ಡಾಯ ತರಬೇತಿಯ ಆಹ್ವಾನವೂ ಇತ್ತು. ಎರಡನ್ನೂ ಒಟ್ಟಿಗೆ ಕಳಿಸುವಾಗ ನಿಮಗೆ ನಗು ಬರಲಿಲ್ಲವೇ?

ನಾನು ಭೌತಶಾಸ್ತ್ರದ ಮೇಷ್ಟ್ರು, ಆಕೆ ಇತಿಹಾಸದವರು. ಹಲವು ವರ್ಷಗಳ ಹಿಂದೆ ಸ್ಟಾಫ್ ರೂಮಿಗೆ ಬಣ್ಣ ಬಳಿಯುತ್ತಿದ್ದಾಗ, ಕೂರಲು ಜಾಗವಿಲ್ಲದೆ ಆಕೆ ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಬಂದು ಕೂತರು. ಪಾಠ ಮುಗಿದ ಮೇಲೆ ಮೆಲ್ಲಗೆ ಹೇಳಿದರು: "ಬೇಜಾರು ಮಾಡ್ಕೋಬೇಡಿ ಸರ್. ಆ ಲಿಫ್ಟಿನ ಜೋಕು ಹೇಳೋಕೆ ಮುಂಚೆನೇ ನೀವು ನಗ್ತೀರಿ. ಮಕ್ಕಳು ಪಾಪ ಅಂತ ನಕ್ರು." ನನಗೆ ಮೈಯೆಲ್ಲ ಉರಿಯಿತು. ಸೇಡು ತೀರಿಸಿಕೊಳ್ಳಲೆಂದೇ ಮರುದಿನ ಆಕೆಯ ತರಗತಿಗೆ ಹೋದೆ. ರಾಜರು ಸಾಲಾಗಿ ಬಂದು ಸಾಲಾಗಿಯೇ ಸತ್ತರು. "ಮೇಡಂ, ನಿಮ್ಮ ಪಾಠದಲ್ಲಿ ಯಾರು ಸತ್ರೂ ಅಳು ಬರಲ್ಲ" ಎಂದೆ. ಆಕೆ ಒಂದು ವಾರ ಮಾತು ಬಿಟ್ಟರು. ಆಮೇಲೆ ಮತ್ತೆ ನನ್ನ ತರಗತಿಗೆ ಬಂದು ಕೂತರು; ಅದೇ ವಾಡಿಕೆಯಾಯಿತು. ಬಿಡುವಿದ್ದಾಗ ಒಬ್ಬರ ಪಾಠಕ್ಕೆ ಇನ್ನೊಬ್ಬರು ಹೋಗುವುದು, ಬಳಿಕ ಕ್ಯಾಂಟೀನಿನಲ್ಲಿ ಚಹಾದ ಜೊತೆ ಬೈಸಿಕೊಳ್ಳುವುದು. ನಾನು ಜೋಕು ಬಿಟ್ಟು, ಲಿಫ್ಟು ಇಳಿಯತೊಡಗಿದಾಗ ತೂಕ ಕಡಿಮೆ ತೋರುವುದನ್ನು ಕಾಣಿಸಲು ತೂಕದ ಯಂತ್ರ ಹಿಡಿದು ಮಕ್ಕಳನ್ನು ನಿಜವಾದ ಲಿಫ್ಟಿಗೇ ಹತ್ತಿಸಿದೆ. ಆಕೆ ಯುದ್ಧದ ಕಥೆಯನ್ನು ಸೋತ ಸೈನ್ಯದ ಅಡುಗೆಯವನ ಕಡೆಯಿಂದ ಹೇಳತೊಡಗಿದರು. ಒಮ್ಮೆ ಆಕೆಯ ತರಗತಿಯ ಕೊನೆಯ ಬೆಂಚಿನಲ್ಲಿ ನಾನು ತಲೆ ಕೆರೆದುಕೊಂಡಾಗ ಪಕ್ಕದ ಹುಡುಗಿ ಪಿಸುಗುಟ್ಟಿದಳು: "ಸರ್, ನಿಮಗೂ ಅರ್ಥ ಆಗ್ಲಿಲ್ವಾ? ಸದ್ಯ, ನಾನೊಬ್ಳೇ ಅಂದ್ಕೊಂಡಿದ್ದೆ." ಅರ್ಥವಾಗದೆ ಕೂತಿರುವುದು ಎಷ್ಟು ಒಂಟಿತನ ಎಂಬುದು ನನಗೆ ಮರೆತೇ ಹೋಗಿತ್ತು. ನೀವು ನಿಷ್ಕ್ರಿಯ ಎಂದು ಬರೆದದ್ದು ಹೀಗೆ ಕೂತದ್ದನ್ನೇ.

ನಿಮ್ಮ ತರಬೇತಿಗೂ ಹೋಗಿ ಬಂದೆ. ತರಬೇತುದಾರರು ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಮೂಡಿದ್ದನ್ನು ಅಕ್ಷರ ಬಿಡದೆ ಓದಿದರು. ಹೋದ ವರ್ಷ ಓದಿದ್ದೂ ಅದನ್ನೇ. ನಡುವೆ ಒಂದು ಜೋಕು ಹೇಳುವ ಮೊದಲೇ ತಾವೇ ನಕ್ಕರು. ಪಾಪ ಅಂತ ನಾವೂ ನಕ್ಕೆವು. ಅವರ ತಪ್ಪೇನೂ ಇಲ್ಲ ಬಿಡಿ, ಅವರ ತರಗತಿಯ ಕೊನೆಯಲ್ಲಿ ಕೂತು ಹೇಳುವವರು ಯಾರೂ ಇರಲಿಲ್ಲ.

ನೋಟಿಸು ಬಂದ ಮೇಲೆ ಆಕೆ ನನ್ನ ತರಗತಿಯತ್ತ ಸುಳಿದಿಲ್ಲ. "ರಿಟೈರ್ ಆಗೋ ವರ್ಷದಲ್ಲಿ ಯಾಕೆ ಸರ್ ಈ ತಲೆನೋವು" ಎಂದು ಮುಖ ತಿರುಗಿಸಿಕೊಂಡು ಹೋದರು. ಮೊನ್ನೆ ಪಾಠದ ನಡುವೆ ನನ್ನ ಬಾಯಿಂದ ಮತ್ತೆ ಆ ಲಿಫ್ಟಿನ ಜೋಕು ಹೊರಬಿತ್ತು. ನಗು ಅದಕ್ಕಿಂತ ಮೊದಲೇ ಬಂದಿತ್ತು. ಮಕ್ಕಳೂ ನಕ್ಕರು. ನನಗೆ ಹೆದರಿಕೆಯಾಯಿತು.

ಆ ಎರಡೂ ನೋಟಿಸುಗಳನ್ನು ಹಿಂಪಡೆಯಿರಿ, ಆಕೆ ನಿವೃತ್ತರಾಗುವ ಮೊದಲೇ. ಆಗದೆಂದರೆ ನೀವೇ ಬಂದು ಆಕೆ ಕೂರುತ್ತಿದ್ದ ಬೆಂಚಿನಲ್ಲಿ ಕೂರಿ, ನನ್ನ ಪಾಠ ಎಲ್ಲಿ ಹಳಸಿದೆ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ. ಜಾಗ ಖಾಲಿ ಇದೆ.

ಇಂತಿ,
ಜೋಕಿಗೆ ಮುಂಚೆ ನಗುವ ಮೇಷ್ಟ್ರು