ಬೆಳಕು ಕೊಡದ ಟಾರ್ಚು

ಆಷ್ಟಬ್ಯುಲಾ ಬಂದರು, ಒಹಾಯೊ
ಸೆಪ್ಟೆಂಬರ್ 21, 2009

ಪ್ರೀತಿಯ ತಮ್ಮ ಆರ್ವೋಗೆ,

ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತೇ? ಹಡಗಿನಲ್ಲಿ ಇಪ್ಪತ್ತು ಜನರಿಗೆ ಬೇಯಿಸಿ ಬಡಿಸುವವನು ತಾನು ಮಾತ್ರ ಒಲೆಯ ಮುಂದೆ ನಿಂತುಕೊಂಡೇ ಎರಡು ತುತ್ತು ನುಂಗುತ್ತಾನೆ ಎಂದು ನನಗೆ ಗೊತ್ತು. ಕೂತು ತಿನ್ನು. ಅರವತ್ತೊಂದು ತುಂಬಿದ ಗಂಡಸಿಗೆ ಇದನ್ನೂ ಅಕ್ಕನೇ ಹೇಳಬೇಕು. ಡೆಟ್ರಾಯ್ಟ್ ನದಿಯಲ್ಲಿ ನೀವು ಹಡಗಿನ ಮೇಲಿಂದ ಹಗ್ಗಕ್ಕೆ ಕಟ್ಟಿದ ಬಕೆಟ್ ಇಳಿಬಿಟ್ಟಾಗ ಅಂಚೆ ದೋಣಿಯವರು ಈ ಕಾಗದದ ಜೊತೆ ಒಂದು ಪೊಟ್ಟಣವನ್ನೂ ಹಾಕುತ್ತಾರೆ. ಅದರಲ್ಲಿ ಏಲಕ್ಕಿ ಬ್ರೆಡ್ಡಿದೆ. ಹೋದ ಸಲದ ಹಾಗೆ ಡೆಕ್ಕಿನವರಿಗೆಲ್ಲ ಹಂಚಿ ನೀನು ಚೂರು ಆರಿಸಿಕೊಂಡು ಕೂರಬೇಡ.

ಇನ್ನು ನನ್ನ ಕಾಲಿನ ವಿಷಯ. ಎಡಗಾಲಿನ ರಕ್ತನಾಳ ಕಟ್ಟಿಕೊಂಡಿದೆ ಎಂದು ಜೂನ್‌ನಲ್ಲಿ ನಿನಗೆ ಫೋನಿನಲ್ಲಿ ಹೇಳಿದ್ದೆ. ಬೀದಿ ತುದಿಯ ಅಂಚೆಪೆಟ್ಟಿಗೆಗೆ ಹೋಗಿ ಬರುವಷ್ಟರಲ್ಲಿ ಮೂರು ಕಡೆ ಬೇಲಿ ಹಿಡಿದು ನಿಲ್ಲಬೇಕಾಗಿತ್ತು. ಹೆಬ್ಬೆರಳು ಕಪ್ಪಿಡಲು ಶುರುವಾಗಿತ್ತು. ಡಾಕ್ಟರ್ ಪೆಲ್ಫ್ರಿ ನನ್ನ ಬಾಯಿಗೆ ಒಂದು ಕೊಳವೆ ಇಟ್ಟು ಊದಿಸಿದರು. ಎದೆಯೊಳಗೆ ಸಿಗರೇಟಿನ ವಿಷಗಾಳಿ ಎಷ್ಟಿದೆ ಎಂದು ಆ ಯಂತ್ರ ತೋರಿಸುತ್ತದಂತೆ. ಇಪ್ಪತ್ತೇಳು ತೋರಿಸಿತು. ‘ಸಿಗರೇಟು ಸೇದೋರ ಕಾಲಿಗೆ ನಾನು ಕತ್ತರಿ ಹಾಕಲ್ಲ. ಹಾಕಿದ್ರೂ ಹೊಲಿಗೆ ನಿಲ್ಲಲ್ಲ. ಆರು ವಾರ ಸಿಗರೇಟು ಮುಟ್ಟದೆ ಇದ್ದು ಬನ್ನಿ, ಮತ್ತೆ ಊದಿಸ್ತೀನಿ’ ಎಂದರು. ಬಿಡದಿದ್ದರೆ ಏನಾಗುತ್ತದೆ ಎಂದು ಕೇಳಿದೆ. ಮೊದಲು ಬೆರಳು, ಆಮೇಲೆ ಪಾದ ಎಂದರು. ಅದನ್ನೆಲ್ಲ ಹೇಳಿದಾಗ ನೀನು ಏನಂದೆ, ನೆನಪಿದೆಯೇ? ‘ಅಕ್ಕ ನೀನು ಬಿಡೋದಾ? ಈರಿ ಸರೋವರ ಬತ್ತಲಿ, ಆಮೇಲೆ ನೋಡೋಣ’ ಎಂದೆ. ನಾನು ಫೋನು ಇಟ್ಟೆ. ಸಿಟ್ಟಿನಿಂದ ಒಂದು ಸಿಗರೇಟು ಹಚ್ಚಿದೆ, ಸುಳ್ಳು ಯಾಕೆ ಹೇಳಲಿ.

ಐವತ್ತಮೂರು ವರ್ಷದ ಚಟ. ತೋಳಿಗೆ ಅಂಟಿಸುವ ನಿಕೋಟಿನ್ ಪಟ್ಟಿ ತಂದೆ, ಮೈಯೆಲ್ಲ ತುರಿಕೆ. ಜಗಿಯುವ ನಿಕೋಟಿನ್ ಗಮ್ ತಂದೆ, ಅದು ಕಟ್ಟಿಸಿದ ಹಲ್ಲಿಗೆ ಅಂಟಿ ಹಲ್ಲೇ ಕಿತ್ತು ಕೈಗೆ ಬಂತು. ಆಗ ಪಕ್ಕದ ಮನೆ ವೆರ್ನಾ ಒಂದು ಸುದ್ದಿ ತಂದಳು. ಮಾಲಿನಲ್ಲಿ ಬ್ಯಾಟರಿ ಸಿಗರೇಟು ಮಾರುತ್ತಾರೆ, ಬೆಂಕಿಯಿಲ್ಲ, ಬೂದಿಯಿಲ್ಲ, ರಸ ಕಾದು ಆವಿ ಬರುತ್ತದೆ ಅಷ್ಟೇ ಎಂದಳು. ಹೋಗಿ ತಂದೆ. ಪೆನ್ನಿನಷ್ಟು ಸಣ್ಣದು. ಆವಿ ಬಂತು, ಗಂಟಲಿಗೆ ಹಿಡಿಸಿತು, ನಿಜವಾಗಿ ಹಿಡಿಸಿತು. ಆದರೆ ಒಂದು ಲೋಟ ಕಾಫಿ ಮುಗಿಯುವ ಮೊದಲೇ ಅದರ ಬ್ಯಾಟರಿ ಸತ್ತುಹೋಯಿತು. ಮತ್ತೆ ಚಾರ್ಜ್ ಆಗಲು ಮೂರು ಗಂಟೆ ಬೇಕು. ಆ ಮೂರು ಗಂಟೆ ನಾನೇನು ಮಾಡಲಿ, ಗೋಡೆ ನೆಕ್ಕಲೇ?

ಅದನ್ನು ಬಿಚ್ಚಿ ಮೇಜಿನ ಮೇಲೆ ಹರಡಿ ನೋಡಿದೆ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳಾದರೂ ಮೂವತ್ತೊಂದು ವರ್ಷ ಕಾರ್ಖಾನೆಯಲ್ಲಿ ಅಲ್ಯುಮಿನಿಯಂ ಕೊಳವೆಗಳ ಜೊತೆಯೇ ಬದುಕಿದವಳು ನಾನು. ಇದರಲ್ಲಿ ಇರುವುದೇನು? ಒಂದು ಬ್ಯಾಟರಿ, ಒಂದು ಗುಂಡಿ, ತುದಿಯಲ್ಲಿ ಕಾಯುವ ತಂತಿ. ಟಾರ್ಚಿನಲ್ಲಿ ಇರುವುದೂ ಅದೇ ಅಲ್ಲವೇ? ತಂತಿಯ ಜಾಗದಲ್ಲಿ ಬಲ್ಬು, ಅಷ್ಟೇ ವ್ಯತ್ಯಾಸ. ಹಾರ್ಡ್‌ವೇರ್ ಅಂಗಡಿಯ ಬುಟ್ಟಿಯಲ್ಲಿ ಮೂರು ಡಾಲರಿಗೆ ಒಂದರಂತೆ ಬಿದ್ದಿದ್ದ ಕಪ್ಪು ಟಾರ್ಚೊಂದನ್ನು ತಂದೆ. ತಲೆ ತಿರುವಿ ಬಿಚ್ಚಿ ಬಲ್ಬು ಕಿತ್ತೆಸೆದೆ. ಆ ಪೆನ್ನಿನ ಕಾಯುವ ತುದಿ ಕೂರಲು ಹಿತ್ತಾಳೆಯಲ್ಲಿ ಒಂದು ಮುಚ್ಚಳ ಕಡೆದೆ. ಹೌದು, ನೆಲಮಾಳಿಗೆಯಲ್ಲಿರುವ ನಿನ್ನ ಲೇತಿನಲ್ಲೇ ಕಡೆದೆ. ‘ಮುಟ್ಟಬೇಡ’ ಎಂದು ಚೀಟಿ ಅಂಟಿಸಿ ಹೋಗಿದ್ದೆಯಲ್ಲ, ಆ ಚೀಟಿಯಲ್ಲೇ ಎಣ್ಣೆ ಒರೆಸಿದೆ. ಬೈಯುವುದಿದ್ದರೆ ಚಳಿಗಾಲಕ್ಕೆ ಮನೆಗೆ ಬಂದಾಗ ಬೈ. ಮುಚ್ಚಳ ಮಾತ್ರ ಕೂದಲೆಳೆಯಷ್ಟೂ ಸಡಿಲವಿರಲಿಲ್ಲ, ತಟ್ಟಿ ಕೂರಿಸಬೇಕಾಯಿತು. ಟಾರ್ಚಿನ ಗುಂಡಿ ಒಮ್ಮೆ ಒತ್ತಿದರೆ ಉರಿಯುತ್ತಲೇ ಇರುತ್ತದೆ, ಮರೆತರೆ ಜೇಬು ಸುಟ್ಟೀತು. ಅದಕ್ಕೇ ಬೆರಳು ತೆಗೆದ ತಕ್ಷಣ ಆರುವಂಥದ್ದು ಬೇಕಾಗಿತ್ತು. ಬಾಗಿಲ ಗಂಟೆಯ ಗುಂಡಿ ಕಿತ್ತು ಇದಕ್ಕೆ ಹಾಕಿದೆ. ನೀನು ಬಂದಾಗ ಬಾಗಿಲು ತಟ್ಟು, ಗಂಟೆ ಹೊಡೆಯುವುದಿಲ್ಲ.

ಗುಂಡಿ ಒತ್ತಿದೆ. ಏನೂ ಇಲ್ಲ. ಬ್ಯಾಟರಿ ತಿರುಗಿಸಿ ಹಾಕಿದೆ, ಇಲ್ಲ. ಹೊಸ ಬ್ಯಾಟರಿ ಹಾಕಿದೆ, ಇಲ್ಲ. ಅಂಗಡಿಗೆ ಹೋಗಿ ಸತ್ತ ಮಾಲು ಮಾರುತ್ತೀಯಾ ಎಂದು ಅಂಗಡಿಯವನನ್ನು ನಾಲ್ಕು ಜನರೆದುರು ಝಾಡಿಸಿದೆ. ಅವನು ಅದೇ ಬ್ಯಾಟರಿಗಳನ್ನು ಬೇರೆ ಟಾರ್ಚಿಗೆ ಹಾಕಿ ನನ್ನ ಕಣ್ಣಿಗೇ ಬೆಳಕು ಬಿಟ್ಟ. ಬ್ಯಾಟರಿ ಎತ್ತಿಕೊಂಡು ಮನೆಗೆ ಬಂದೆ. ಮೂರು ದಿನ ಹೀಗೇ ಒದ್ದಾಡಿದೆ. ಆ ಮೂರು ದಿನದಲ್ಲಿ ಸೇದಿದ ಸಿಗರೇಟುಗಳ ಲೆಕ್ಕ ಕೇಳಬೇಡ. ವೆರ್ನಾ ಕಿಟಕಿಯಲ್ಲಿ ತಲೆಯಿಟ್ಟು, ‘ಏನೇ ಲೆಂಪಿ, ಕಾಲು ಉಳಿಸ್ಕೊಳ್ಳೋಕೆ ಟಾರ್ಚ್ ಹಿಡ್ಕೊಂಡು ಹುಡುಕ್ತಿದ್ದೀಯಾ?’ ಎಂದು ಕೇಳಿದಳು. ಅವಳ ಮುಖಕ್ಕೆ ಎಸೆಯಬೇಕೆನಿಸಿತು. ಪುಣ್ಯಕ್ಕೆ ನೆಲಕ್ಕೆ ಎಸೆದೆ. ಕಾಂಕ್ರೀಟಿನ ಮೇಲೆ ಉರುಳಿ ಹೋಗಿ ಲೇತಿನ ಕಾಲಿಗೆ ಬಡಿದು ನಿಂತಿತು. ಮುಚ್ಚಳ ಬಿಟ್ಟುಕೊಂಡಿತ್ತು. ಎತ್ತಿ, ಮತ್ತೆ ಕೂರಿಸಿ, ಬೈಯುತ್ತಲೇ ಗುಂಡಿ ಒತ್ತಿದೆ. ಚುರ್ ಎಂದಿತು. ಆವಿ ಬಂತು.

ನನಗೆ ಅರ್ಥವಾಗಲಿಲ್ಲ. ಕನ್ನಡಕ ಹಾಕಿಕೊಂಡು ನೋಡಿದರೆ, ಬಿದ್ದ ಏಟಿಗೆ ಟಾರ್ಚಿನ ಕೊಳವೆಯ ಬಾಯಲ್ಲಿ ಉಗುರಿನಷ್ಟು ಕಪ್ಪು ಎದ್ದು ಬಿಳಿ ಲೋಹ ಕಾಣುತ್ತಿತ್ತು. ಆಗ ತಲೆ ತಲೆ ಚಚ್ಚಿಕೊಂಡೆ ನೋಡು. ಕಾರ್ಖಾನೆಯಲ್ಲಿ ಬಣ್ಣದ ತೊಟ್ಟಿಗೆ ಇಳಿಸುವ ಮೊದಲು ಪ್ರತಿ ಕೊಳವೆಯ ಬಾಯಿಗೂ ರಬ್ಬರ್ ಬಿರಡೆ ತುರುಕುವ ಕೆಲಸವನ್ನೇ ನಾನು ಒಂಬತ್ತು ವರ್ಷ ಮಾಡಿದ್ದು. ಯಾಕೆ ತುರುಕುತ್ತಿದ್ದೆವು? ಆ ಬಣ್ಣದ ಪದರ ಏರಿದ ಕಡೆ ಕರೆಂಟು ಹರಿಯುವುದಿಲ್ಲ ಎಂದು. ಹೊಸ ಹುಡುಗಿಯರು ಬಿರಡೆ ಮರೆತರೆ ಅವರ ಕಣ್ಣಲ್ಲಿ ನೀರು ಬರುವವರೆಗೆ ಬೈಯುತ್ತಿದ್ದವಳು ನಾನು. ಟಾರ್ಚಿನ ಕೊಳವೆಯಿಂದಲೇ ಮುಚ್ಚಳಕ್ಕೆ ಕರೆಂಟು ಹರಿಯಬೇಕು, ಈಗ ನಾನೇ ಕಪ್ಪು ಪದರದ ಮೇಲೆ ಹಿತ್ತಾಳೆ ಕೂರಿಸಿ ಮೂರು ದಿನ ಊರಿಗೆಲ್ಲ ಬೈದೆ. ಅರ ತೆಗೆದುಕೊಂಡು ಕೊಳವೆಯ ಬಾಯಿಯನ್ನು ಸುತ್ತಲೂ ಉಜ್ಜಿ ಬೆಳ್ಳಗೆ ಮಾಡಿದೆ. ಅಲ್ಲಿಗೆ ಮುಗಿಯಿತು. ಚಾರ್ಜ್ ಮಾಡುವ ಮೂರು ಸಣ್ಣ ಬ್ಯಾಟರಿ ಹಾಕಿದರೆ ಬೆಳಗಿನ ಕಾಫಿಯಿಂದ ಸಂಜೆಯ ಸಾರಿನವರೆಗೂ ನಿಲ್ಲುತ್ತದೆ. ಅಂಗಡಿಯವನಿಗೂ ಒಂದು ಏಲಕ್ಕಿ ಬ್ರೆಡ್ಡು ಕೊಟ್ಟು ಬಂದೆ. ಕ್ಷಮಿಸು ಎನ್ನಲಿಲ್ಲ, ಬ್ರೆಡ್ಡು ಕೊಟ್ಟೆ.

ಆಗಸ್ಟ್ ಎಂಟನೇ ತಾರೀಕಿನಿಂದ ಈ ಬಾಯಿಗೆ ಒಂದು ಸಿಗರೇಟೂ ತಾಗಿಲ್ಲ, ಆರ್ವೋ. ಒಂದೂ ಇಲ್ಲ. ಹೋದ ಶುಕ್ರವಾರ ಪೆಲ್ಫ್ರಿ ಹತ್ತಿರ ಹೋಗಿ ಊದಿದೆ. ಮೂರು. ನರ್ಸಿಗೆ ನಂಬಿಕೆ ಬರಲಿಲ್ಲ, ಇನ್ನೊಮ್ಮೆ ಊದಿ ಎಂದಳು. ಮತ್ತೂ ಮೂರೇ. ಸೇದದವರಿಗೂ ಅಷ್ಟೇ ಬರುತ್ತದಂತೆ. ನಾನು ಚೀಲದಿಂದ ಟಾರ್ಚು ತೆಗೆದು ಡಾಕ್ಟರ ಮೇಜಿನ ಮೇಲೆ ಇಟ್ಟೆ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಇದರ ಆವಿಯೂ ಒಳ್ಳೆಯದೆಂದು ನಾನು ಹೇಳುವುದಿಲ್ಲ, ಆಪರೇಷನ್ನಿಗೆ ವಾರ ಇರುವಾಗ ಇದನ್ನೂ ಬಿಡಬೇಕು ಎಂದರು. ‘ಡಾಕ್ಟ್ರೇ, ಒಂದ್ಸಲಕ್ಕೆ ಒಂದು ದೆವ್ವ ಬಿಡಿಸೋಣ’ ಎಂದೆ. ಆ ಮನುಷ್ಯ ನಗುವುದನ್ನು ಅವತ್ತೇ ನೋಡಿದ್ದು. ಆದರೆ ಮಾತು ಕೊಟ್ಟು ಬಂದಿದ್ದೇನೆ. ಬಿಡುತ್ತೇನೆ. ಐವತ್ತಮೂರು ವರ್ಷದ್ದನ್ನು ಬಿಟ್ಟವಳಿಗೆ ಆರು ವಾರದ್ದು ಯಾವ ಲೆಕ್ಕ?

ಸರೋವರ ಇನ್ನೂ ತುಂಬಿಕೊಂಡೇ ಇದೆ, ಬೇಕಾದರೆ ಹಡಗಿನ ಕಟಕಟೆಯಿಂದ ಬಗ್ಗಿ ನೋಡು. ನಿನ್ನ ಹಡಗಿನವರಿಗೆಲ್ಲ ನನ್ನ ನೆನಪು ಹೇಳು. ಎಲ್ಲರೂ ಮಂಜು ಬೀಳುವ ಮೊದಲು ದಡ ಸೇರಲಿ. ನಿನ್ನ ಕೈಗೆ ಬಿಸಿ ತಾಗದಿರಲಿ, ಸೊಂಟ ನೆಟ್ಟಗಿರಲಿ.

ನಿನ್ನ ಅಕ್ಕ,
ಲೆಂಪಿ

ಮರೆತ ಮಾತು: ಅಂಚೆಯವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಆಪರೇಷನ್ ಅಕ್ಟೋಬರ್ ಆರಕ್ಕೆ, ಮಂಗಳವಾರ ಬೆಳಿಗ್ಗೆ ಏಳಕ್ಕೆ. ನನಗೆ ಎಚ್ಚರವಿಲ್ಲದಾಗ ಏನಾದರೂ ಹೆಚ್ಚುಕಡಿಮೆಯಾದರೆ ಕಾಲು ತೆಗೆಯಬೇಕೋ ಬೇಡವೋ ಎಂದು ಹೇಳುವವರ ಹೆಸರು ಬೇಕು ಎಂದು ಆಸ್ಪತ್ರೆಯವರು ಕೇಳಿದರು. ನಿನ್ನ ಹೆಸರು ಬರೆದೆ. ವೆರ್ನಾ ಅವತ್ತು ಅಲ್ಲಿ ತಾನು ಕೂರುತ್ತೇನೆ ಎಂದಳು, ಬೇಡ ಎಂದೆ. ಕ್ಯಾಪ್ಟನ್ನಿಗೆ ಏನು ಬೇಕಾದರೂ ಹೇಳು. ಐದನೇ ತಾರೀಕಿಗೆ ಯಾವ ಬಂದರು ಸಿಕ್ಕರೂ ಅಲ್ಲೇ ಇಳಿದು ಬಸ್ಸು ಹಿಡಿದು ಬಾ.